ಶಾಲಾ ಮಕ್ಕಳಲ್ಲಿ ಕಜ್ಜಿ: ಮಲೆನಾಡಿನ ಮನೆಗಳು ಮುಚ್ಚಿಡುವ ಕಾಯಿಲೆ

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ. ಸಾಗರ ತಾಲ್ಲೂಕಿನ ಧರ್ಮಕೇಂದ್ರವೊಂದರಲ್ಲಿ ಬಲಿಪೂಜೆಯ ಬಳಿಕ ಧರ್ಮೋಪದೇಶದ ತರಗತಿ ಆರಂಭವಾಗುವುದರಲ್ಲಿತ್ತು. ಪ್ರಾರ್ಥನೆಗೆಂದು ಮಕ್ಕಳೆಲ್ಲರೂ ಕೈ ಜೋಡಿಸಿ ನಿಂತಿದ್ದರೆ, ಕೊನೆಯ ಸಾಲಿನ ಬಾಲಕನೊಬ್ಬ ಮಾತ್ರ ಎರಡೂ ಕೈಗಳನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ನಿಂತಿದ್ದನು. ಅವನನ್ನು ಗದರಿದವರಲ್ಲಿ ನಾವೂ ಒಬ್ಬರು. ಗದರಿಕೆಗೆ ಹೆದರಿ ಅವನು ಕೈ ಹೊರತೆಗೆದಾಗ ಬೆರಳುಗಳ ಸಂದಿನಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಮಣಿಕಟ್ಟಿನ ಬಳಿ ಕೆರೆದು ಕೆರೆದು ಕೀವಾಗಿತ್ತು. ಪಕ್ಕದಲ್ಲಿದ್ದ ಹುಡುಗರು ಎರಡು ಹೆಜ್ಜೆ ಸರಿದು ನಿಂತರು. ಅವರಲ್ಲೊಬ್ಬ ಮೆಲ್ಲಗೆ 'ಕಜ್ಜಿನಾಯಿ' ಎಂದದ್ದು ನಮಗೂ ಕೇಳಿಸಿತು, ಅವನಿಗೂ ಕೇಳಿಸಿತು.

ತರಗತಿ ಮುಗಿದ ಮೇಲೆ ಬಾಲಕನ ತಾಯಿಯೊಡನೆ ಮಾತನಾಡಿದೆವು. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಆಕೆ ಬಾಯಿಬಿಟ್ಟರು. ತುರಿಕೆ ಶುರುವಾಗಿ ಎರಡು ತಿಂಗಳು ಕಳೆದಿತ್ತು. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದಾಗ ನಾಲ್ಕು ದಿನ ಕಡಿಮೆಯಾಗುತ್ತಿತ್ತು, ಐದನೆಯ ದಿನ ಮತ್ತೆ ಮೊದಲಿನಂತೆಯೇ. ಮೈಯಲ್ಲಿ ನಂಜು ಸೇರಿದೆಯೆಂದು ಹಿರಿಯರು ಹೇಳಿದ್ದರಿಂದ ಮಗುವಿಗೆ ಮೀನು, ಮೊಟ್ಟೆ, ಬದನೆಕಾಯಿ ಎಲ್ಲವನ್ನೂ ನಿಲ್ಲಿಸಲಾಗಿತ್ತು. ತಂಗಿಗೂ ತುರಿಕೆ ಇತ್ತು. ಅಜ್ಜಿಗೂ ರಾತ್ರಿ ನಿದ್ದೆ ಇರಲಿಲ್ಲವಂತೆ, ಆದರೆ ಅದು ವಯಸ್ಸಾದವರ ಒಣಚರ್ಮವೆಂದು ಎಲ್ಲರೂ ತಿಳಿದಿದ್ದರು. 'ಯಾರಿಗೂ ಹೇಳಬೇಡಿ, ನಮ್ಮ ಮನೆ ಕೊಳಕು ಎಂದುಕೊಂಡಾರು' ಎಂಬುದು ಆ ತಾಯಿಯ ಕೊನೆಯ ಮಾತು. ಯಾರ ಮನೆ, ಯಾವ ಊರು ಎಂಬುದನ್ನು ನಾವು ಇಲ್ಲಿ ಹೇಳುವುದಿಲ್ಲ. ಆದರೆ ಈ ಅಂಕಣದ ವಾಚಕರಲ್ಲಿ ಅನೇಕರಿಗೆ ಈ ಕತೆ ತಮ್ಮದೇ ಮನೆಯದೆನಿಸಿದರೆ ಅದು ಆಶ್ಚರ್ಯವಲ್ಲ.

ಕಜ್ಜಿ, ತುರಿಕಜ್ಜಿ ಎಂದು ನಾವು ಕರೆಯುವ, ವೈದ್ಯರು ಸ್ಕೇಬೀಸ್ ಎನ್ನುವ ಈ ರೋಗವು ನಂಜಿನಿಂದ ಬರುವುದಲ್ಲ, ಕೆಟ್ಟ ರಕ್ತದಿಂದ ಬರುವುದೂ ಅಲ್ಲ. ಅದಕ್ಕೆ ಕಾರಣ ಎಂಟು ಕಾಲಿನ ಒಂದು ಸೂಕ್ಷ್ಮ ಜೀವಿ, ಒಂದು ಬಗೆಯ ನುಸಿ. 1998ರ ಹೊತ್ತಿಗೆ ನಮ್ಮ ತೆಂಗಿನ ತೋಟಗಳಿಗೆ ದಾಳಿಯಿಟ್ಟ ನುಸಿಪೀಡೆಯನ್ನು ತೋಟದವರು ಮರೆತಿರಲಾರರು. ಇದೂ ಅದೇ ಬಳಗದ್ದು. ಕಾಡಿನ ಉಣುಗು ಕೂಡ ಇದಕ್ಕೆ ದೂರದ ದಾಯಾದಿಯೇ. ಹೆಣ್ಣು ನುಸಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಬರಿಗಣ್ಣಿಗೆ ಕಂಡರೂ ಸೂಜಿಮೊನೆಯ ಚುಕ್ಕೆಯಂತೆ ಕಂಡೀತು. ಅದು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳು ಸುಮಾರು ಎರಡು ವಾರಗಳಲ್ಲಿ ಬೆಳೆದು ನಿಲ್ಲುತ್ತವೆ. ಸಾಮಾನ್ಯ ರೋಗಿಯ ಮೈಮೇಲೆ ಒಟ್ಟು ಹತ್ತು ಹದಿನೈದು ನುಸಿಗಳಿಗಿಂತ ಹೆಚ್ಚಿರುವುದಿಲ್ಲ. ಇಡೀ ಮೈಯನ್ನು ಕೆರೆಯುವಂತೆ ಮಾಡಲು ಅಷ್ಟು ಸಾಕು. ಏಕೆಂದರೆ ತುರಿಕೆ ಬರುವುದು ನುಸಿಯ ಕಡಿತದಿಂದಲ್ಲ, ಅದನ್ನೂ ಅದರ ಮಲವನ್ನೂ ನಮ್ಮ ದೇಹ ಒಗ್ಗಿಸಿಕೊಳ್ಳಲಾರದೆ ತೋರುವ ಪ್ರತಿಕ್ರಿಯೆಯಿಂದ.

ಇಲ್ಲಿಯೇ ಈ ರೋಗದ ಮೋಸವಿರುವುದು. ಮೊದಲ ಬಾರಿ ನುಸಿ ಹತ್ತಿದವರಲ್ಲಿ ಈ ಪ್ರತಿಕ್ರಿಯೆ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಆ ಇಡೀ ಅವಧಿಯಲ್ಲಿ ತುರಿಕೆಯಿಲ್ಲ, ಗುಳ್ಳೆಯಿಲ್ಲ, ಆದರೆ ರೋಗ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತದೆ. ಹಿರಿಯ ಮಗನ ಕೈಯಲ್ಲಿ ಗುಳ್ಳೆ ಕಾಣುವಷ್ಟರಲ್ಲಿ ಅವನ ಪಕ್ಕದಲ್ಲಿ ಮಲಗುವ ತಂಗಿಗೆ, ಎತ್ತಿಕೊಳ್ಳುವ ಅಜ್ಜಿಗೆ, ಹಾಲೂಡಿಸುವ ತಾಯಿಗೆ ಅದು ತಲುಪಿಯಾಗಿರುತ್ತದೆ. ತುರಿಸುವವನೊಬ್ಬನಿಗೆ ಮಾತ್ರ ಔಷಧಿ ಹಚ್ಚಿ ಉಳಿದವರನ್ನು ಬಿಟ್ಟರೆ, ಅವನು ಗುಣಮುಖನಾದ ವಾರದಲ್ಲಿಯೇ ಅವರಿಂದ ಮತ್ತೆ ಪಡೆಯುತ್ತಾನೆ. ಎರಡನೆಯ ಸಲವಂತೂ ತುರಿಕೆ ನಾಲ್ಕು ವಾರ ಕಾಯುವುದಿಲ್ಲ, ಒಂದೆರಡು ದಿನಗಳಲ್ಲಿಯೇ ಬರುತ್ತದೆ. ಔಷಧಿ ಕೆಲಸ ಮಾಡಲಿಲ್ಲವೆಂದು ಮನೆಯವರು ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಕೆಲಸ ಮಾಡದೆ ಹೋದದ್ದು ಔಷಧಿಯಲ್ಲ, ಅದನ್ನು ಕೊಟ್ಟ ಕ್ರಮ.

ಈ ಕಾಯಿಲೆ ಎಷ್ಟು ವ್ಯಾಪಕ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಯಾವುದೇ ಗಳಿಗೆಯಲ್ಲಿ 20 ಕೋಟಿ ಜನರಿಗೆ ಕಜ್ಜಿ ಇರುತ್ತದೆ. ಬಡ ಪ್ರದೇಶಗಳಲ್ಲಿ ಮಕ್ಕಳ ಪೈಕಿ ನೂರಕ್ಕೆ ಹತ್ತರವರೆಗೆ ಇದಕ್ಕೆ ತುತ್ತಾಗುತ್ತಾರೆ. ನಮ್ಮ ದೇಶದ ವಿಷಯದಲ್ಲಿ ವೈದ್ಯಕೀಯ ಲೇಖನಗಳು ಪದೇ ಪದೇ ಉಲ್ಲೇಖಿಸುವ ಪ್ರಮಾಣ ನೂರಕ್ಕೆ 13ರಿಂದ 59ರವರೆಗೆ. ಇಷ್ಟು ಅಗಲವಾದ ಅಂತರವನ್ನು ಕಂಡಾಗಲೇ ನಾವು ಈ ರೋಗವನ್ನು ಸರಿಯಾಗಿ ಎಣಿಸುವ ಗೋಜಿಗೆ ಹೋಗಿಲ್ಲವೆಂಬುದು ತಿಳಿಯುತ್ತದೆ. ಅತ್ಯಂತ ಕಡಿಮೆಯ ಲೆಕ್ಕವನ್ನೇ ಹಿಡಿದು, ನೂರಕ್ಕೆ ಹತ್ತೆಂದಿಟ್ಟುಕೊಂಡರೂ, ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು ಮೇಜಿನ ಕೆಳಗೆ ಕೈ ಕೆರೆಯುತ್ತ ಕುಳಿತಿರುತ್ತಾರೆ. ವಸತಿಶಾಲೆ, ಆಶ್ರಮಶಾಲೆ, ನಮ್ಮ ಬೋರ್ಡಿಂಗ್‌ಗಳಂತಹ ಕಡೆ, ಒಂದೇ ಕೊಠಡಿಯಲ್ಲಿ ಹತ್ತಾರು ಮಕ್ಕಳು ಒತ್ತೊತ್ತಾಗಿ ಮಲಗುವಲ್ಲಿ, ಇದು ಇನ್ನೂ ಹೆಚ್ಚೆಂಬುದನ್ನು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಧರ್ಮಭಗಿನಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜೀವನಕ್ರಮವೂ ಈ ನುಸಿಗೆ ಅನುಕೂಲವಾಗಿಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ ಅದಕ್ಕೆ ಸರಿಸಾಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬಳಿಗೆ ಬಿಸಿಲು ಕಾಣಿಸುವುದೇ ಅಪರೂಪ. ಒಲೆಯ ಮೇಲಿನ ಹಗ್ಗದಲ್ಲಿ ಅರೆಬರೆ ಒಣಗಿದ ಬಟ್ಟೆಯನ್ನೇ ಮಕ್ಕಳು ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಚಳಿಗೆ ಒಂದೇ ಕಂಬಳಿಯಡಿ ಮೂವರು ಮುದುಡಿ ಮಲಗುತ್ತಾರೆ. ಹಾಗೆಂದು ಮಳೆಯೇ ಕಜ್ಜಿಗೆ ಕಾರಣವೆನ್ನಲಾಗದು. ಕಾರಣವಿರುವುದು ಮಳೆ ಎಲ್ಲರನ್ನೂ ಒಂದೇ ಕೋಣೆಗೆ, ಒಂದೇ ಹಾಸಿಗೆಗೆ ತಂದು ಸೇರಿಸುವುದರಲ್ಲಿ.

ಇದೇ ಮೂರು ತಾಲ್ಲೂಕುಗಳು ಇನ್ನೊಂದು ರೋಗವನ್ನು ಬಲು ಚೆನ್ನಾಗಿ ಬಲ್ಲವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಪ್ರದೇಶ ಅನುಭವಿಸಿದ ಸಂಕಟ ಇಂದಿಗೂ ಕಣ್ಣಮುಂದಿದೆ. ಈಗ ಕಾಡಿನಲ್ಲಿ ಮಂಗವೊಂದು ಸತ್ತುಬಿದ್ದರೆ ಆರೋಗ್ಯ ಇಲಾಖೆಗೆ ಸುದ್ದಿ ಹೋಗುತ್ತದೆ, ಮನೆಮನೆಗೆ ಮೈಗೆ ಹಚ್ಚುವ ಎಣ್ಣೆ ಬರುತ್ತದೆ, ಜ್ವರದ ಒಂದೊಂದು ಪ್ರಕರಣವೂ ಲೆಕ್ಕಕ್ಕೆ ಸಿಗುತ್ತದೆ. ಅದು ಆಗಲೇಬೇಕಾದದ್ದು, ಜೀವ ತೆಗೆಯುವ ರೋಗವದು. ಆದರೆ ಉಣುಗಿನ ದಾಯಾದಿಯಾದ ನುಸಿ ಯಾರ ಜೀವವನ್ನೂ ನೇರವಾಗಿ ತೆಗೆಯದ ಕಾರಣ ಅದಕ್ಕೆ ಲೆಕ್ಕವೂ ಇಲ್ಲ, ಸುದ್ದಿಯೂ ಇಲ್ಲ. ಕುಷ್ಠರೋಗ, ಆನೆಕಾಲು ರೋಗಗಳಿರುವ ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ಸೇರಿಸಿದ್ದು 2017ರಲ್ಲಿ ಮಾತ್ರ. ಮನುಷ್ಯನಷ್ಟೇ ಹಳೆಯದೆನ್ನಬಹುದಾದ ರೋಗವೊಂದು ನಿರ್ಲಕ್ಷಿತವೆಂದು ಗುರುತಿಸಲ್ಪಡಲಿಕ್ಕೂ ಇಷ್ಟು ಕಾಲ ಬೇಕಾಯಿತು!

ನೇರವಾಗಿ ಜೀವ ತೆಗೆಯದೆಂದೆವು. ಪರೋಕ್ಷವಾಗಿ ಏನು ಮಾಡುತ್ತದೆಂಬುದನ್ನು ತಾಯಂದಿರು ಅರಿತಿರಬೇಕು. ಕೆರೆದ ಚರ್ಮ ಒಡೆದಾಗ ಅಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಆ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬಗೆಯದು ಇದ್ದರೆ, ಹುಣ್ಣು ಮಾಗುತ್ತ ಬಂದ ಕೆಲವು ವಾರಗಳಲ್ಲಿ ಮಗುವಿನ ಮೂತ್ರಪಿಂಡಗಳಿಗೆ ಉರಿಯೂತ ಬರಬಹುದು. ಬೆಳಿಗ್ಗೆ ಏಳುವಾಗ ಮುಖ, ಕಣ್ಣಿನ ಸುತ್ತ ಬಾವು. ಮೂತ್ರದ ಬಣ್ಣ ಕಡು ಚಹಾದಂತೆ. ಇಷ್ಟು ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಕೈಯ ಹುಣ್ಣಿಗೂ ಮುಖದ ಬಾವಿಗೂ ಸಂಬಂಧವಿಲ್ಲವೆಂದುಕೊಂಡು ಕಾಯಬಾರದು. ಕೀವಾದ ಕಜ್ಜಿಗೆ ಬರಿಯ ಮುಲಾಮು ಸಾಲದು, ವೈದ್ಯರು ಬೇರೆ ಔಷಧಿಯನ್ನೂ ಕೊಡಬೇಕಾಗುತ್ತದೆ. ಇನ್ನು ರಾತ್ರಿಯಿಡೀ ಕೆರೆದು ನಿದ್ದೆಗೆಟ್ಟ ಮಗು ಮರುದಿನ ತರಗತಿಯಲ್ಲಿ ತೂಕಡಿಸಿ ದಡ್ಡನೆನಿಸಿಕೊಳ್ಳುವುದಂತೂ ಯಾವ ವೈದ್ಯಕೀಯ ವರದಿಯಲ್ಲಿಯೂ ನಮೂದಾಗುವುದಿಲ್ಲ.

ಕೊಳಕಿನಿಂದ ಕಜ್ಜಿ ಬರುತ್ತದೆ ಎಂಬ ನಂಬಿಕೆಯೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು. ದಿನಕ್ಕೆರಡು ಬಾರಿ ಸಾಬೂನು ಹಚ್ಚಿ ಸ್ನಾನ ಮಾಡಿದರೂ ಸುರಂಗದೊಳಗಿನ ನುಸಿ ಸಾಯುವುದಿಲ್ಲ. ಅದಕ್ಕೆ ಬೇಕಾದದ್ದು ಕೊಳೆಯಲ್ಲ, ಚರ್ಮಕ್ಕೆ ಚರ್ಮ ತಾಗುವ ಸಾಮೀಪ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ ಒಂದು ವಿಚಿತ್ರ ಪ್ರಯೋಗ ನಡೆಸಿದನು. ಕಜ್ಜಿಯಾದ ಸೈನಿಕರು ಹೊದ್ದ ಕಂಬಳಿಗಳನ್ನೂ ತೊಟ್ಟ ಒಳ ಉಡುಪುಗಳನ್ನೂ, ಯುದ್ಧ ಮಾಡಲು ಮನಸ್ಸಾಕ್ಷಿ ಒಪ್ಪದೆ ಸೇನೆ ಸೇರಲು ನಿರಾಕರಿಸಿದ್ದ ಯುವಕರು ಸ್ವಇಚ್ಛೆಯಿಂದ ಬಳಸಿದರು. ಅವರಲ್ಲಿ ಬಹುತೇಕ ಯಾರಿಗೂ ರೋಗ ತಗುಲಲಿಲ್ಲ. ಕಜ್ಜಿಯಾದವರೊಡನೆ ಒಂದೇ ಹಾಸಿಗೆಯಲ್ಲಿ ಮಲಗಿದಾಗ ತಗುಲಿತು. ಬಟ್ಟೆ ಕುದಿಸುವುದರಲ್ಲಿ ದಿನಗಟ್ಟಲೆ ಕಳೆದು, ಮಗುವಿನ ಪಕ್ಕದಲ್ಲಿ ಮಲಗುವ ಅಜ್ಜಿಗೆ ಔಷಧಿ ಹಚ್ಚದೆ ಬಿಡುವ ನಮ್ಮ ಮನೆಗಳಿಗೆ ಈ ಪ್ರಯೋಗದಲ್ಲಿ ಪಾಠವುಂಟು.

ಪವಿತ್ರಗ್ರಂಥದಲ್ಲಿ ಬೂದಿಯಲ್ಲಿ ಕುಳಿತು ಬೋಕಿಯ ಚೂರಿನಿಂದ ಮೈ ಕೆರೆದುಕೊಳ್ಳುವ ಯೋಬನು ನಮಗೆಲ್ಲ ಪರಿಚಿತನು. ಅವನದು ಯಾವ ರೋಗವೋ ತಿಳಿಯದು. ಆದರೆ ನಿನ್ನ ತಪ್ಪಿನಿಂದಲೇ ನಿನಗಿದು ಬಂದಿತೆಂದು ವಾದಿಸಿದ ಅವನ ಗೆಳೆಯರು ಇಂದಿಗೂ ನಮ್ಮ ಶಾಲೆಗಳ ಜಗಲಿಯಲ್ಲಿ, ಇಗರ್ಜಿಯ ಅಂಗಳದಲ್ಲಿ ಸಿಗುತ್ತಾರೆ.

ಈ ನುಸಿಯನ್ನು ರೋಗದ ಕಾರಣವೆಂದು ಒಪ್ಪಿಕೊಳ್ಳಲು ವಿದ್ವಾಂಸರೇ ಬಹುಕಾಲ ತೆಗೆದುಕೊಂಡರು. 1687ರಲ್ಲಿಯೇ ಇಟಲಿಯ ಬೊನೊಮೊ ಎಂಬ ವೈದ್ಯನು ಚೆಸ್ಟೋನಿ ಎಂಬ ಔಷಧ ತಯಾರಕನೊಡನೆ ಸೇರಿ ಸೂಕ್ಷ್ಮದರ್ಶಕದಡಿ ನುಸಿಯನ್ನು ಕಂಡು ಚಿತ್ರ ಬರೆದು ಪ್ರಕಟಿಸಿದ್ದನು. ಯಾರೂ ಕಿವಿಗೊಡಲಿಲ್ಲ. ಸುಮಾರು ಒಂದೂವರೆ ಶತಮಾನದ ಬಳಿಕ, 1834ರಲ್ಲಿ, ಕಾರ್ಸಿಕಾ ದ್ವೀಪದಿಂದ ಪ್ಯಾರಿಸ್‌ಗೆ ಓದಲು ಬಂದಿದ್ದ ರೆನುಚ್ಚಿ ಎಂಬ ವಿದ್ಯಾರ್ಥಿ ಸೂಜಿಯಿಂದ ನುಸಿಯನ್ನು ಹೊರತೆಗೆದು ವೈದ್ಯರ ಮುಂದಿಟ್ಟನು. ಅವನಿಗೆ ಆ ವಿದ್ಯೆ ಬಂದದ್ದು ಯಾವ ಗ್ರಂಥದಿಂದಲೂ ಅಲ್ಲ. ಊರಿನ ಹೆಂಗಸರು ಸೂಜಿಯಿಂದ ನುಸಿ ಹೆಕ್ಕುವುದನ್ನು ಅವನು ನೋಡಿದ್ದನು.

ಇನ್ನು ಚಿಕಿತ್ಸೆ. ಇಂದು ವೈದ್ಯರು ಹೆಚ್ಚಾಗಿ ಕೊಡುವುದು ನೂರಕ್ಕೆ 5ರ ಪ್ರಮಾಣದ ಪರ್ಮೆತ್ರಿನ್ ಮುಲಾಮು. ರಾತ್ರಿ ಮಲಗುವ ಮುನ್ನ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ತೊಳೆಯಬೇಕು. ಗುಳ್ಳೆ ಇರುವಲ್ಲಿ ಮಾತ್ರ ಹಚ್ಚುವುದು ಬಲು ಸಾಮಾನ್ಯವಾದ ತಪ್ಪು. ಬೆರಳ ಸಂದು, ಉಗುರಿನಡಿ, ಕಂಕುಳು, ಹೊಕ್ಕುಳು, ತೊಡೆಸಂದು, ಪೃಷ್ಠ ಯಾವುದನ್ನೂ ನಾಚಿಕೆಯಿಂದ ಬಿಡಲಾಗದು. ಎಳೆಯ ಮಕ್ಕಳಿಗೆ ತಲೆ, ಮುಖಕ್ಕೂ ವೈದ್ಯರು ಹೇಳಿದಂತೆ ಹಚ್ಚಬೇಕಾಗುತ್ತದೆ. ಮಧ್ಯದಲ್ಲಿ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ಬಳಿಕ ಇನ್ನೊಮ್ಮೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ತುರಿಕೆ ಇರಲಿ ಇಲ್ಲದಿರಲಿ, ಒಂದೇ ಸೂರಿನಡಿ ಮಲಗುವವರೆಲ್ಲರೂ ಅದೇ ರಾತ್ರಿ ಹಚ್ಚಿಕೊಳ್ಳುವುದು. ಅಂದು ಹೊದ್ದ, ತೊಟ್ಟ ಬಟ್ಟೆಗಳನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಒಗೆದರಾಯಿತು. ಮಳೆಗಾಲದಲ್ಲಿ ಒಣಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಮೂಲೆಯಲ್ಲಿಟ್ಟರೂ ಸಾಕು. ಮನುಷ್ಯನ ಮೈಯಿಲ್ಲದೆ ನುಸಿ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ನುಸಿ ಸತ್ತ ಮೇಲೂ ಎರಡು ನಾಲ್ಕು ವಾರ ತುರಿಕೆ ಇರುವುದುಂಟು. ಅದಕ್ಕೆ ಗಾಬರಿಯಾಗಿ ದಿನವೂ ಮುಲಾಮು ಬಳಿದರೆ ಚರ್ಮ ಇನ್ನಷ್ಟು ಕೆರಳೀತು.

ನಮ್ಮ ಹಿರಿಯರು ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುತ್ತಿದ್ದುದನ್ನು ನೋಡಿ ನಗಬೇಕಾಗಿಲ್ಲ. ಗಂಧಕದ ಮುಲಾಮನ್ನು ಹಸುಗೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಪ್ರಮಾಣ ಮಾತ್ರ ಸರಿಯಾಗಿರಬೇಕು. ನಗಬಾರದ, ಹೆದರಬೇಕಾದ ವಿಷಯ ಬೇರೆ. ಒಂದು ಕಾಲದಲ್ಲಿ ಗದ್ದೆ ತೋಟಗಳಿಗೆಂದು ತಂದ ಬಿ.ಎಚ್.ಸಿ. ಪುಡಿಯ ಸಾರವಾದ ಲಿಂಡೇನ್ ದ್ರವವೇ ಕಜ್ಜಿಗೆ ಔಷಧಿಯಾಗಿತ್ತು. ಅದು ನರಮಂಡಲಕ್ಕೆ, ಅದರಲ್ಲೂ ಮಕ್ಕಳ ನರಮಂಡಲಕ್ಕೆ ಹಾನಿಯೆಂದು ತಿಳಿದು ವೈದ್ಯರು ಕೈಬಿಟ್ಟರು. ಹಳೆಯ ನೆನಪಿನಿಂದ ಇಂದಿಗೂ ಕೀಟನಾಶಕವನ್ನು ಮಕ್ಕಳ ಮೈಗೆ ಹಚ್ಚುವ ಯೋಚನೆ ಯಾರಿಗೂ ಬಾರದಿರಲಿ. ಇನ್ನೊಂದು ಅಪಾಯ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೆರಾಯ್ಡ್ ಬೆರೆತ ಮುಲಾಮುಗಳು. ಹಚ್ಚಿದ ಕೂಡಲೇ ತುರಿಕೆ ಅಡಗುತ್ತದೆ, ನುಸಿಗೆ ಏನೂ ಆಗುವುದಿಲ್ಲ. ಗುಳ್ಳೆಗಳ ರೂಪವೇ ಬದಲಾಗಿ ವೈದ್ಯರಿಗೂ ರೋಗ ಗುರುತು ಸಿಗದಂತಾಗುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಇಂತಹ ಅನೇಕ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಪಟ್ಟಿ ಕಾಗದದ ಮೇಲಿದೆ, ಮುಲಾಮು ಇನ್ನೂ ಗಾಜಿನ ಕಪಾಟಿನಲ್ಲಿದೆ. ನಾವು ಮೊದಲು ಹೇಳಿದ ಬಾಲಕನ ಕೈಗೆ ಎರಡು ತಿಂಗಳು ಹಚ್ಚಿದ್ದೂ ಅದೇ.

ಮನೆಯೊಂದನ್ನಲ್ಲ, ಊರಿಗೆ ಊರನ್ನೇ ಒಮ್ಮೆಗೆ ಉಪಚರಿಸಿದರೆ ಏನಾಗುತ್ತದೆಂಬುದಕ್ಕೆ ಶಾಂತಸಾಗರದ ಫಿಜಿ ದ್ವೀಪಗಳಲ್ಲಿ ಉತ್ತರ ಸಿಕ್ಕಿದೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ರೋಗವಿದ್ದವರಿಗೂ ಅವರ ಮನೆಯವರಿಗೂ ಮಾತ್ರ ಮುಲಾಮು ಕೊಟ್ಟ ಗುಂಪಿನಲ್ಲಿ ಒಂದು ವರ್ಷದ ಬಳಿಕ ಕಜ್ಜಿ ನೂರಕ್ಕೆ 36.6ರಿಂದ 18.8ಕ್ಕೆ ಇಳಿಯಿತು. ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ ನುಂಗಿಸಿದ ಗುಂಪಿನಲ್ಲಿ 32.1ರಿಂದ 1.9ಕ್ಕೆ ಇಳಿಯಿತು. ಈ ಮಾತ್ರೆಯ ಮೂಲದ್ರವ್ಯವನ್ನು ಕಂಡುಹಿಡಿದ ಜಪಾನಿನ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ಅದೇ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹದಿನೈದು ಕಿಲೋ ತೂಕಕ್ಕಿಂತ ಕಡಿಮೆಯಿರುವ ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಕೊಡುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ತಂದು ನುಂಗುವಂಥದಲ್ಲ. ಶಾಲೆಯಲ್ಲಿ ಫೆಬ್ರವರಿ, ಆಗಸ್ಟ್ ತಿಂಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯಿಂದ ಕಜ್ಜಿಯೂ ಹೋಗುತ್ತದೆಂದು ಕೆಲವರು ತಿಳಿದಿದ್ದಾರೆ. ಅದು ಬೇರೆ ಮಾತ್ರೆ; ಕರುಳಿನ ಹುಳುವಿಗೆ ಮಾತ್ರ.

ನಮ್ಮಲ್ಲಿ ಆಗಬೇಕಾದದ್ದಕ್ಕೆ ಹೊಸ ಕಚೇರಿಯೇನೂ ಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ಸಂಚಾರಿ ತಂಡವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಬಾರಿ ಬರಬೇಕು. ಅವರು ಪರೀಕ್ಷಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಜ್ಜಿಯ ಹೆಸರೂ ಇದೆ. ಆ ತಂಡ ಬರುವ ದಿನವೇ ತುರಿಕೆಯ ಮಗುವನ್ನು ನಾಚಿಕೆಯಿಂದ ಮನೆಯಲ್ಲಿ ಉಳಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ! ಬರುವ ದಿನಾಂಕವನ್ನು ಮುಖ್ಯೋಪಾಧ್ಯಾಯರು ಹಿಂದಿನ ವಾರವೇ ತಾಯ್ತಂದೆಯರಿಗೆ ತಿಳಿಸಿ, ಅಂದು ಯಾರೂ ತಪ್ಪದಂತೆ ನೋಡಿಕೊಳ್ಳಬಹುದು. ಕಜ್ಜಿಯಾದ ಮಗುವನ್ನು ವಾರಗಟ್ಟಲೆ ಶಾಲೆಯಿಂದ ಹೊರಗಿಡುವ ಅಗತ್ಯವೂ ಇಲ್ಲ. ಮೊದಲ ಚಿಕಿತ್ಸೆ ಮುಗಿದ ಮರುದಿನ ಅದು ತರಗತಿಗೆ ಬರಬಹುದು. ಬೋರ್ಡಿಂಗ್‌ಗಳಲ್ಲಿ ದಸರಾ ಮತ್ತು ಬೇಸಿಗೆ ರಜೆ ಮುಗಿಸಿ ಮಕ್ಕಳು ಹಿಂತಿರುಗಿದ ದಿನ ಕೈಬೆರಳುಗಳನ್ನು ನೋಡುವುದು ಒಂದು ಗಂಟೆಯ ಕೆಲಸ. ಪ್ರಯೋಗಾಲಯ ಬೇಡ, ರಾತ್ರಿ ಹೆಚ್ಚುವ ತುರಿಕೆ, ಬೆರಳ ಸಂದಿನ ಗುಳ್ಳೆ, ಜೊತೆಯಲ್ಲಿ ಮಲಗುವ ಇನ್ನೊಬ್ಬರಿಗೂ ಅದೇ ತೊಂದರೆ, ಇಷ್ಟಿದ್ದರೆ ವೈದ್ಯರ ಬಳಿ ಕಳಿಸಲು ಸಾಕು.

ಖರ್ಚಿನ ಮಾತನ್ನು ಬಿಟ್ಟರೆ ಈ ಬರಹ ಅಪೂರ್ಣವಾದೀತು. ದೊಡ್ಡವರೊಬ್ಬರ ಮೈಗೆ ಒಂದು ಸಲ ಹಚ್ಚಲು ಸುಮಾರು 30 ಗ್ರಾಂ ಮುಲಾಮು, ಅಂದರೆ ಒಂದು ಟ್ಯೂಬು ಬೇಕು. ಆ ಬಾಲಕನ ಮನೆಯಲ್ಲಿ ಏಳು ಮಂದಿ. ಎರಡು ಸಲಕ್ಕೆ ಹತ್ತು ಹನ್ನೆರಡು ಟ್ಯೂಬು. ಅಡಿಕೆ ತೋಟದ ಕೂಲಿಯಿಂದ ಬದುಕುವ ಮನೆಗೆ ಮಳೆಗಾಲದಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಒಂದೇ ಟ್ಯೂಬು ಕೊಂಡು ಎಲ್ಲರೂ ಬೆರಳಿಗಷ್ಟು ಬಳಿದುಕೊಳ್ಳುವುದರ ಹಿಂದೆ ಅಜ್ಞಾನಕ್ಕಿಂತ ಈ ಲೆಕ್ಕವೇ ಹೆಚ್ಚಾಗಿ ಇರುತ್ತದೆ. ಸರ್ಕಾರಿ ಆಸ್ಪತ್ರೆಗೆ ಮಗುವೊಂದನ್ನೇ ಕರೆದೊಯ್ದರೆ ಒಬ್ಬರ ಔಷಧಿ ಬರೆದಾರು. ಮನೆಮಂದಿಯ ಸಂಖ್ಯೆಯನ್ನು ಹೇಳಿ ಕೇಳಿದರೆ ಎಲ್ಲರದ್ದನ್ನೂ ಬರೆದಾರು.

ಆ ತಾಯಿ ಕೇಳಿದರು. ಏಳೂ ಮಂದಿ ಒಂದು ಶನಿವಾರ ರಾತ್ರಿ ಹಚ್ಚಿಕೊಂಡರು, ಅಜ್ಜಿಯೂ ಸೇರಿ. ಮುಂದಿನ ಶನಿವಾರ ಮತ್ತೊಮ್ಮೆ. ಮೂರನೆಯ ಭಾನುವಾರ ಬಾಲಕನು ಧರ್ಮೋಪದೇಶದ ತರಗತಿಗೆ ಬಂದಾಗ ಗುಳ್ಳೆಗಳು ಒಣಗಿದ್ದವು, ಮಣಿಕಟ್ಟಿನಲ್ಲಿ ಕಲೆ ಉಳಿದಿತ್ತು. ಮೊದಲ ಸಾಲಿಗೆ ಬಾ ಎಂದು ಕರೆದೆವು. ಅವನು ಬರಲಿಲ್ಲ, ಕೊನೆಯ ಸಾಲಿನಲ್ಲಿಯೇ ನಿಂತು ಕೈ ಜೋಡಿಸಿದನು.